ಕೀಲಿ ಮತ್ತು ಕೈ

ನಮ್ಮ ಧಾರವಾಡದ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ. ಅದನ್ನು ತೆರೆಯುವ ಸಾಧನ ಕೀಲಿಕೈ. ಮೈಸೂರು ಸೀಮೆಯವರು ಬೀಗ, ಬೀಗದ ಕೈ ಎನ್ನುತ್ತಾರೆ. ಹೆಸರು ಬೇರೆಯಾದರೂ ಎರಡೂ ಕಡೆಯವರು 'ಕೈ'ಯನ್ನು ಮಾತ್ರ ಬಿಟ್ಟಿಲ್ಲ. ಕೀಲಿ ತೆರೆದಿದೆ ಎಂದರೆ ಅದನ್ನು ತೆರೆದದ್ದು ಒಂದು ಕೈ, ಆ ಕೈ ಯಾರೋ ಒಬ್ಬ ಮನುಷ್ಯನದು ಎಂಬ ನಂಬಿಕೆ ನಮ್ಮ ಮಾತಿನಲ್ಲಿಯೇ ಕೂತುಬಿಟ್ಟಿದೆ. ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದರೂ ಈ ನಂಬಿಕೆಯನ್ನು ಪರೀಕ್ಷಿಸಿ ನೋಡಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ. 2019ರ ಶ್ರಾವಣದಲ್ಲಿ ನಮ್ಮ ಮನೆಯ ಹಳೆಯ ಕಾರು ಆ ಕೆಲಸ ಮಾಡಿಸಿತು. ಅಷ್ಟರಲ್ಲಿ ನಾನು ಒಬ್ಬ ಹುಡುಗನಿಗೆ ಅನ್ಯಾಯ ಮಾಡಿ ಆಗಿತ್ತು.

ಮೊದಲು ಕಾರಿನ ಮಾತು. ಅದು ನನ್ನ ಮಾವನವರದು. ಪ್ರೀಮಿಯರ್ ಪದ್ಮಿನಿ, 1990ರಲ್ಲಿ ಕೊಂಡದ್ದು. ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಕಟ್ಟಿದ ಗಾಡಿ. ಎಪ್ಪತ್ತರ ದಶಕದಲ್ಲಿಯೇ ಪದ್ಮಿನಿ ಎಂಬ ಹೆಸರು ಬಂದಿದ್ದರೂ ಮಾವನವರ ಬಾಯಲ್ಲಿ ಕೊನೆಯತನಕ ಅದು 'ಫಿಯಾಟ್' ಆಗಿಯೇ ಉಳಿಯಿತು. 1089 ಸಿ.ಸಿ. ಎಂಜಿನ್ನು, ಸ್ಟೀಯರಿಂಗಿನ ಮಗ್ಗುಲಲ್ಲೇ ಗೇರಿನ ಕೋಲು, ಇಕ್ಕಟ್ಟಾಗಿ ಕೂತರೆ ಆರು ಜನ. 2000ದ ಸುಮಾರಿಗೆ ಇದರ ತಯಾರಿಕೆ ನಿಂತಿತು. ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ಓಡಿದ ಈ ಗಾಡಿ 2023ರ ಅಕ್ಟೋಬರ್ ಕೊನೆಯಲ್ಲಿ ಆ ಕೆಲಸದಿಂದಲೂ ನಿವೃತ್ತವಾಯಿತು. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಸೇವೆಯಲ್ಲಿದೆ. 15 ವರ್ಷಗಳ ನೋಂದಣಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಟಿ.ಒ. ಕಚೇರಿಗೆ ಕರೆದುಕೊಂಡು ಹೋಗಿ ಅದಕ್ಕೆ ಆಯುಷ್ಯ ಬೇಡಿಕೊಂಡು ಬರುತ್ತೇವೆ. ನಮ್ಮ ಮನೆಯವರು ನನ್ನ ಹುಟ್ಟುಹಬ್ಬ ಮರೆತಾರು, ಅದರ ಆಯಿಲ್ ಬದಲಿಸುವ ದಿನ ಮರೆಯುವವರಲ್ಲ.

ಈ ಗಾಡಿ ಹುಟ್ಟಿದಾಗ ಅದಕ್ಕೆ ಅಲಾರ್ಮ್ ಇರಲಿಲ್ಲ. ಕೀಲಿಕೈ ತಿರುಗಿಸಿದರೆ ಒಳಗಿನ ಕಬ್ಬಿಣದ ನಾಲಿಗೆ ಸರಿಯುತ್ತಿತ್ತು, ಅಷ್ಟೇ. 1999ರಲ್ಲಿ ನಮ್ಮ ಓಣಿಯಲ್ಲಿ ಯಾರದೋ ಕಾರಿನ ಟೇಪ್‌ರೆಕಾರ್ಡರ್ ಕಳುವಾಯಿತು. ಮಾವನವರು ಹೆದರಿ, ಹುಬ್ಬಳ್ಳಿಗೆ ಹೋಗಿ ಅಲಾರ್ಮ್ ಹಾಕಿಸಿಕೊಂಡು ಬಂದರು. ಅದರೊಂದಿಗೆ ಒಂದು ಬಟನ್ ಒತ್ತಿದರೆ ನಾಲ್ಕೂ ಬಾಗಿಲ ಕೀಲಿ ಒಟ್ಟಿಗೆ ಬೀಳುವ ಏರ್ಪಾಡನ್ನೂ ಮಾಡಿಸಿದರು. ಪ್ರತಿ ಬಾಗಿಲಿನ ಒಳಗೆ ಒಂದೊಂದು ಪುಟ್ಟ ಮೋಟಾರು ಕೂತಿತು. ಹಳೆಯ ಮೈಗೆ ಹೊಸ ನರಗಳನ್ನು ಹೊಲಿದಂತಾಯಿತು. ಇಪ್ಪತ್ತು ವರ್ಷ ಅವು ಸುಮ್ಮನೆ ಕೆಲಸ ಮಾಡಿದವು.

2019ರ ಮಳೆ ಉತ್ತರ ಕರ್ನಾಟಕದವರಿಗೆ ಮರೆಯುವಂಥದ್ದಲ್ಲ. ಆಗಸ್ಟ್ ಮೊದಲ ವಾರಗಳಲ್ಲಿ ಹೊಳೆಗಳು ಊರೊಳಗೆ ಬಂದವು. ನಮ್ಮ ಊರಿನಲ್ಲಿ ಹೊಳೆಯಿಲ್ಲ. ಆದರೆ ಮಳೆ ಹಗಲು ರಾತ್ರಿ ಬಿಡದೆ ಹಿಡಿದುಕೊಂಡಿತು. ಆ ಮಳೆಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನಮ್ಮ ಪದ್ಮಿನಿ ಕೂಗಿಕೊಂಡಳು. ಟಾರ್ಚ್ ಹಿಡಿದು ಓಡಿದೆವು. ಯಾರೂ ಇಲ್ಲ. ಮರುದಿನ ಮತ್ತೆ ಕೂಗು. ಮೂರನೆಯ ರಾತ್ರಿ ಎದುರು ಮನೆಯವರು ಕಿಟಕಿ ತೆರೆದು ಕೇಳಿದರು. ಆರನೆಯ ರಾತ್ರಿ ಯಾರೂ ಕಿಟಕಿ ತೆರೆಯಲಿಲ್ಲ. ನಾವೂ ಮಲಗಿದಲ್ಲಿಯೇ ಬಟನ್ ಒತ್ತಿ ಅದರ ಬಾಯಿ ಮುಚ್ಚಿಸಿ ಮಗ್ಗುಲಾದೆವು. ತೋಳ ಬಂತು ತೋಳ ಎಂದು ಕೂಗಿದ ಕುರುಬರ ಹುಡುಗನ ಕಥೆಯನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುವವಳು ನಾನು. ಹುಡುಗನದೇ ತಪ್ಪು ಎಂದು ಹೇಳುತ್ತ ಬಂದಿದ್ದೆ. ಕೂಗಿಗೆ ಒಗ್ಗಿಹೋಗುವ ಊರವರ ಪಾಡು ಎಂಥದ್ದು ಎಂಬುದು ಆಗ ತಿಳಿಯಿತು.

ಒಂಬತ್ತನೆಯದೋ ಹತ್ತನೆಯದೋ ರಾತ್ರಿ ಕಳೆದು ಬೆಳಗಾದಾಗ ನಮ್ಮ ಮನೆಯವರು ಹೋಗಿ ನೋಡಿದರೆ ಕಾರಿನ ಕೀಲಿ ತೆರೆದಿತ್ತು. ರಾತ್ರಿ ತಾವೇ ಹಾಕಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ನನ್ನ ಎದೆ ಧಸಕ್ಕೆಂದಿತು. ಹಿಂದಿನ ಸಂಜೆ ಬ್ಯಾಂಕಿನಿಂದ ತಂದ ಆರು ಸಾವಿರ ರೂಪಾಯಿ, ಸೋರುವ ಹಂಚು ಸರಿ ಮಾಡುವವನಿಗೆ ಕೊಡಬೇಕಾದದ್ದು, ಒಂದು ಕವರಿನಲ್ಲಿ ಹಾಕಿ ಕಾರಿನ ಮುಂದಿನ ಡಬ್ಬಿಯಲ್ಲಿ ಇಟ್ಟಿದ್ದೆ. ಡಬ್ಬಿ ತೆರೆದು ನೋಡಿದರೆ ಕವರ್ ಇಲ್ಲ.

ಬಾಗಿಲು ಮುರಿದಿಲ್ಲ, ಗಾಜು ಒಡೆದಿಲ್ಲ, ತಂತಿ ತೂರಿಸಿದ ಗುರುತೂ ಇಲ್ಲ. ಹಾಗಿದ್ದರೆ ಕೀಲಿಕೈಯಿಂದಲೇ ತೆರೆದಿರಬೇಕು. ಕೀಲಿಕೈ ಅಡಿಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿರುತ್ತದೆ. ಅದು ಅಲ್ಲಿರುವುದು ಆ ಹುಡುಗನಿಗೆ ಗೊತ್ತು. ಹೀಗೆ ಮೂರು ಮೆಟ್ಟಿಲು ಹತ್ತಿ ನನ್ನ ಮನಸ್ಸು ಒಬ್ಬನ ಮುಂದೆ ಹೋಗಿ ನಿಂತಿತು.

ಅವನ ಹೆಸರನ್ನು ಬರೆಯುವುದಿಲ್ಲ. ಆಗ ನನ್ನ ತರಗತಿಯಲ್ಲೇ ಹತ್ತನೆಯ ಇಯತ್ತೆ ಓದುತ್ತಿದ್ದ. ತಂದೆ ಇಲ್ಲ, ತಾಯಿ ಎರಡು ಮೂರು ಮನೆಗಳಲ್ಲಿ ಭಾಂಡೆ ತಿಕ್ಕುತ್ತಿದ್ದಳು. ರವಿವಾರ ಬಂದು ನಮ್ಮ ಕಾರು ತೊಳೆದುಕೊಡುತ್ತಿದ್ದ. ಐವತ್ತು ರೂಪಾಯಿ ಕೊಡುತ್ತಿದ್ದೆವು. ಸಂಜೆ ನಮ್ಮ ಪಡಸಾಲೆಯಲ್ಲಿ ಕೂತು ವ್ಯಾಕರಣ ಹೇಳಿಸಿಕೊಳ್ಳುತ್ತಿದ್ದ. ಅದಕ್ಕೆ ನಾನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಈ ಉಪಕಾರದ ನೆನಪು ನನ್ನೊಳಗೆ ಸ್ವಲ್ಪ ಹೆಚ್ಚೇ ಇತ್ತೆಂದು ಈಗ ಕಾಣುತ್ತದೆ.

ನೇರವಾಗಿ ಏನೂ ಅನ್ನಲಿಲ್ಲ. "ಕಾರಿನ್ಯಾಗ ಒಂದು ಕವರ್ ಇತ್ತು, ಕಂಡೇನೋ?" ಎಂದು ಕೇಳಿದೆ, ಅಷ್ಟೇ. ಅವನು ತಲೆ ತಗ್ಗಿಸಿ "ಇಲ್ರಿ ಟೀಚರ್" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಥಟ್ಟನೆ ನೆನಪಾಯಿತು. ಪ್ರಶ್ನೆ ಕೇಳಿದಾಗ ಕಳ್ಳರಿಗಿಂತ ಮೊದಲು ತಲೆ ತಗ್ಗಿಸುವವರು ಅಂಜುಬುರುಕ ಮಕ್ಕಳು ಎಂಬುದು ಶಿಕ್ಷಕಿಯಾದ ನನಗೆ ಗೊತ್ತಿಲ್ಲದ ಮಾತಲ್ಲ. ಆದರೆ ಆ ಹೊತ್ತಿಗೆ ಗಾದೆ ನೆನಪಾಯಿತು, ಅನುಭವ ನೆನಪಾಗಲಿಲ್ಲ. "ಮಳಿ ಭಾಳ ಆಗೇದಪಾ, ಇನ್ನ ಕಾರ್ ತೊಳ್ಯೂದೇನೂ ಬ್ಯಾಡ" ಎಂದು ಹೇಳಿ ಕಳಿಸಿದೆ. ಹೋಗುವಾಗ ಅವನು ಅಡಿಗೆಮನೆಯ ಕಡೆ ಒಮ್ಮೆ ನೋಡಿದ. ಮೊಳೆ ಬರಿದಾಗಿತ್ತು. ಕೀಲಿಕೈಯನ್ನು ಮುಂಜಾನೆಯೇ ತಿಜೋರಿಯಲ್ಲಿ ಇಟ್ಟಿದ್ದೆ. ಅವನು ತಿಳಿದುಕೊಂಡ. ಮರುದಿನದಿಂದ ಸಂಜೆಯ ಪಾಠಕ್ಕೂ ಬರಲಿಲ್ಲ. ತರಗತಿಯಲ್ಲಿ ಎರಡನೆಯ ಬೆಂಚು ಬಿಟ್ಟು ಕೊನೆಯ ಬೆಂಚಿಗೆ ಹೋದ.

ಹುಡುಗ ಹೋದರೂ ಕೂಗು ನಿಲ್ಲಲಿಲ್ಲ. ಓಣಿಯವರ ಮುಖ ನೋಡಲಾಗದೆ ನಮ್ಮ ಮನೆಯವರು ವಾಯರಿಂಗ್ ಕೆಲಸದ ಮಿಸ್ತ್ರಿಯೊಬ್ಬರನ್ನು ಕರೆತಂದರು. ಅರವತ್ತು ದಾಟಿದವರು, ಊರೆಲ್ಲ ಚಾಚಾ ಎಂದೇ ಕರೆಯುವುದು. ನಾನು ಕಳುವಿನ ಕಥೆ ಹೇಳಲು ಸುರು ಮಾಡಿದೆ. ಅವರು ತಡೆದು, "ಅಕ್ಕಾರ, ಕಳ್ಳ ಇದ್ದಾನೋ ಇಲ್ಲೋ ಆಮ್ಯಾಲೆ ನೋಡೂಣು. ಮೊದಲ ಬ್ಯಾಟರಿ ನೋಡೂಣ್ರಿ" ಎಂದರು.

ಬ್ಯಾಟರಿಯ ಶಕ್ತಿ ಇಳಿದರೆ ಅಲಾರ್ಮಿನ ಬುದ್ಧಿ ಕೆಡುತ್ತದಂತೆ. ಮೀಟರ್ ಹಚ್ಚಿ ನೋಡಿದರು. ಗಾಡಿ ನಿಂತಾಗ 12.6 ವೋಲ್ಟ್, ಚಾಲೂ ಮಾಡಿದಾಗ ಹದಿನಾಲ್ಕರ ಹತ್ತಿರ. "ಇಂವಂದೇನೂ ತಪ್ಪಿಲ್ರಿ" ಎಂದು ಮುಚ್ಚಿದರು. ಆಮೇಲೆ ಅದುರನ್ನು ಗುರುತಿಸುವ ಸಣ್ಣ ಪೆಟ್ಟಿಗೆ, ಸೆನ್ಸರ್. ಅದರ ವೈರು ಬಿಚ್ಚಿ, "ಇವತ್ತು ರಾತ್ರಿ ನೋಡ್ರಿ" ಎಂದು ಹೋದರು. ರಾತ್ರಿ ಕೂಗಿತು. ಮರುದಿನ ಬಂದು ಆ ವೈರನ್ನು ಮತ್ತೆ ಜೋಡಿಸಿ, "ಇಂವಾನೂ ಸಾಚಾ ಇದ್ದಾನ" ಎಂದರು.

ನಮ್ಮ ಮನೆಯವರಿಗೆ ತಾಳ್ಮೆ ಕಡಿಮೆ. "ಎಲ್ಲಾ ಹೊಸಾವ ಹಾಕಿಬಿಡ್ರಿ ಚಾಚಾ, ರೊಕ್ಕದ ಮಾರಿ ನೋಡಬ್ಯಾಡ್ರಿ" ಎಂದರು. ಚಾಚಾ ಒಪ್ಪಲಿಲ್ಲ. "ಎಲ್ಲಾ ಒಮ್ಮೆಲೆ ಬದಲ್ ಮಾಡಿದ್ರ ಕೂಗೂದು ನಿಂದರತದ್ರಿ ಸರ. ಆದ್ರ ಯಾವದರಿಂದ ಕೂಗ್ತಿತ್ತು ಅಂತ ತಿಳಿಯಂಗಿಲ್ಲ. ನಾಳೆ ಮತ್ತ ಕೂಗಿದ್ರ ಎಲ್ಲಿಂದ ಸುರು ಮಾಡ್ಲಿ?"

ಕಾರಿನ ಬಾಗಿಲ ಚೌಕಟ್ಟಿನಲ್ಲಿ ಒಂದು ಗುಂಡಿಯಂಥ ಸ್ವಿಚ್ಚು ಇರುತ್ತದೆ. ಬಾಗಿಲು ಮುಚ್ಚಿದಾಗ ಒಳಗೆ ಒತ್ತಿಕೊಂಡಿರುತ್ತದೆ. ತೆರೆದಾಗ ಹೊರಗೆ ಬಂದು, ತನ್ನ ವೈರನ್ನು ಗಾಡಿಯ ಲೋಹದ ಮೈಗೆ ಮುಟ್ಟಿಸುತ್ತದೆ. ಹಾಗೆ ಮುಟ್ಟಿದೊಡನೆ ಒಳಗಿನ ದೀಪ ಹತ್ತುತ್ತದೆ. ಅಲಾರ್ಮಿಗೆ 'ಬಾಗಿಲು ತೆರೆಯಿತು' ಎಂಬ ಸುದ್ದಿ ಹೋಗುವುದೂ ಅದರಿಂದಲೇ. ನಾಲ್ಕು ಬಾಗಿಲಿಗೆ ನಾಲ್ಕು, ಬಾನೆಟ್ಟಿಗೆ ಒಂದು, ಡಿಕ್ಕಿಗೆ ಒಂದು, ಒಟ್ಟು ಆರು ಸ್ವಿಚ್ಚು. ಒಂದೊಂದು ರಾತ್ರಿ ಒಂದೊಂದರ ವೈರು ಬಿಚ್ಚಿಡುವುದು, ಬೆಳಗ್ಗೆ ಮರಳಿ ಜೋಡಿಸಿ ಮುಂದಿನದನ್ನು ಬಿಚ್ಚುವುದು. ಹೀಗೆ ಚಾಚಾ ದಾರಿ ಹಾಕಿಕೊಟ್ಟರು. ನಮ್ಮ ಮನೆಯವರು ಒಂದು ವಹಿಯಲ್ಲಿ ಬರೆದಿಡತೊಡಗಿದರು. ಡಿಕ್ಕಿ ಬಿಚ್ಚಿದ ರಾತ್ರಿ ಕೂಗಿತು. ಬಾನೆಟ್ಟು ಬಿಚ್ಚಿದ ರಾತ್ರಿ ಕೂಗಿತು. ಹಿಂದಿನ ಎರಡು ಬಾಗಿಲು, ಎರಡೂ ರಾತ್ರಿ ಕೂಗಿತು. ಚಾಲಕನ ಬಾಗಿಲ ವೈರು ಬಿಚ್ಚಿದ ರಾತ್ರಿ ಕೂಗಲಿಲ್ಲ.

ಸಿಕ್ಕಿತು ಎಂದು ನಾವು ಹಿಗ್ಗಿದೆವು. ಚಾಚಾ ಹಿಗ್ಗಲಿಲ್ಲ. "ಇವತ್ತು ಅದನ್ನ ಮತ್ತ ಜೋಡಸ್ರಿ" ಎಂದು ಫೋನಿನಲ್ಲಿ ಹೇಳಿದರು. ಒಂದು ರಾತ್ರಿ ಸುಮ್ಮನಿದ್ದದ್ದು ಕಾಕತಾಳೀಯವೂ ಇರಬಹುದಲ್ಲ? ಜೋಡಿಸಿದೆವು. ಮೂರು ಗಂಟೆಗೆ ಕೂಗಿತು. ಆಗ ಚಾಚಾ ಆ ಸ್ವಿಚ್ಚನ್ನು ಕಿತ್ತು ನನ್ನ ಅಂಗೈ ಮೇಲೆ ಇಟ್ಟರು. ಹಸಿರು, ಬಿಳಿ, ಕೆಂಪು ತುಕ್ಕು ಹೂವಿನಂತೆ ಅರಳಿತ್ತು. ಬಾಗಿಲ ಅಂಚಿನ ರಬ್ಬರು ಸವೆದು, ಮಳೆಯ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ, ತುಕ್ಕು ಮತ್ತು ತೇವ ಸೇರಿ ವೈರಿಗೂ ಗಾಡಿಯ ಮೈಗೂ ನಡುವೆ ಒಂದು ಸೇತುವೆ ಕಟ್ಟಿದ್ದವು.

"ಹಂಗಿದ್ರ ಒಳಗಿನ ಲೈಟ್ ಯಾಕ ಹತ್ತಲಿಲ್ಲ?" ಎಂದು ನಾನು ಕೇಳಿದೆ. ಎಷ್ಟೋ ರಾತ್ರಿ ಕಿಟಕಿಯಿಂದ ನೋಡಿದ್ದೆ. ಕಾರು ಕತ್ತಲೆಯಾಗಿಯೇ ಇರುತ್ತಿತ್ತು. ಚಾಚಾ ಹೇಳಿದ್ದು ಇಷ್ಟು: ತೇವದಲ್ಲಿ ಹರಿಯುವ ವಿದ್ಯುತ್ತು ತೀರ ಕಡಿಮೆ. ದೀಪ ಹತ್ತಬೇಕಾದರೆ ಅದು ಸಾಲದು. ಅಲಾರ್ಮಿಗೆ ಅಷ್ಟೇ ಸಾಕು.

ಕೂಗಿನ ಲೆಕ್ಕ ಬಗೆಹರಿಯಿತು. ಆದರೆ ಕೀಲಿ ತೆರೆದದ್ದು ಹೇಗೆ? ಸ್ವಿಚ್ಚು ಸುದ್ದಿ ಹೇಳುತ್ತದೆಯೇ ಹೊರತು ಕೀಲಿ ತೆರೆಯುವುದಿಲ್ಲ. ಆ ಸಂಶಯ ಇನ್ನೂ ಹುಡುಗನ ಮೇಲೆಯೇ ಇತ್ತು. ಅದನ್ನು ಬಿಡಲು ನನ್ನ ಮನಸ್ಸಿಗೆ ಅಷ್ಟು ಇಷ್ಟವೂ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅವನು ಕಳ್ಳನಾಗಿದ್ದರೆ ನಾನು ಜಾಣೆ. ಅಲ್ಲದಿದ್ದರೆ ನಾನು ಯಾರು?

ಚಾಚಾ ಅದೇ ಬಾಗಿಲಿನ ಒಳಗಿನ ಹಲಗೆ ಬಿಚ್ಚಿದರು. ಬಾಗಿಲಿನ ಮೋಟಾರಿಗೆ ಹೋಗುವ ವೈರುಗಳು ಗಾಡಿಯ ಕಂಬದಿಂದ ಬಾಗಿಲಿಗೆ ಒಂದು ತೂತಿನ ಮೂಲಕ ದಾಟುತ್ತವೆ. ಅಂಥ ತೂತಿನ ಅಂಚಿಗೆ ರಬ್ಬರಿನ ಉಂಗುರ ಕೂಡಿಸಬೇಕು. 1999ರಲ್ಲಿ ಆ ತೂತು ಕೊರೆದವರು ಅದನ್ನು ಕೂಡಿಸಿರಲಿಲ್ಲ. ಗಾಡಿ ಕಟ್ಟಿದವರ ತಪ್ಪಲ್ಲ ಅದು, ಒಂದೆರಡು ರೂಪಾಯಿಯ ಅವಸರ. ಇಪ್ಪತ್ತು ವರ್ಷ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ತಗಡಿನ ಅಂಚು ವೈರಿನ ಸಿಪ್ಪೆಯನ್ನು ಸವೆಸಿತ್ತು. ಒಂದು ಕಡೆ ತಾಮ್ರ ಕಾಣುತ್ತಿತ್ತು. "ನೋಡ್ರಿ ಅಕ್ಕಾರ" ಎಂದು ಚಾಚಾ ಆ ವೈರನ್ನು ಉಗುರಿನಿಂದ ಸ್ವಲ್ಪ ಸರಿಸಿ ತಗಡಿಗೆ ತಾಗಿಸಿದರು. ಟಕ್ ಎಂದಿತು. ನಾಲ್ಕೂ ಬಾಗಿಲ ಕೀಲಿ ಒಮ್ಮೆಲೇ ತೆರೆದುಕೊಂಡವು.

'ತೆರೆ' ಎಂಬ ಆಜ್ಞೆ ಹೊತ್ತ ವೈರು ಅದು. ಬಟನ್ ಒತ್ತಿದಾಗ ಅದು ಲೋಹದ ಮೈಗೆ ಮುಟ್ಟುತ್ತದೆ, ಕೀಲಿ ತೆರೆಯುತ್ತದೆ. ಗಾಳಿಗೆ ಗಾಡಿ ಅಲುಗಿ ತಾನೇ ಮುಟ್ಟಿದರೂ ತೆರೆಯುತ್ತದೆ. ಮುಟ್ಟಿಸಿದ್ದು ಯಾರು ಎಂದು ಆ ಮೋಟಾರು ಕೇಳುವುದಿಲ್ಲ. ಕಳ್ಳನ ಕೈ ಮಾಡುವ ಕೆಲಸವನ್ನೇ ಸವೆದ ವೈರೂ ಮಾಡುತ್ತಿತ್ತು. ಕೈಯೇ ಇಲ್ಲದೆ ಕೀಲಿ ತೆರೆದಿತ್ತು.

ಆ ಟಕ್ ಎಂಬ ಸದ್ದು ನನ್ನನ್ನು ಬಹಳ ದಿನ ಬಿಡಲಿಲ್ಲ. ನಾನು ಬಿ.ಎ. ಓದುವಾಗ ತರ್ಕಶಾಸ್ತ್ರದಲ್ಲಿ ಗುಡ್ಡದ ಮೇಲಿನ ಹೊಗೆಯ ಉದಾಹರಣೆ ಬರುತ್ತಿತ್ತು. ಹೊಗೆ ಕಂಡರೆ ಬೆಂಕಿಯುಂಟೆಂದು ತಿಳಿಯುವುದಕ್ಕೆ ನೈಯಾಯಿಕರು ಅನುಮಾನ ಎಂದು ಕರೆದರು. ಅವರಿಗೆ ಅದು ಜ್ಞಾನದ ಒಂದು ಪ್ರಮಾಣ. ಆದರೆ ಮಂಜನ್ನೋ ಧೂಳನ್ನೋ ಹೊಗೆಯೆಂದು ಬಗೆದರೆ ಆ ಜ್ಞಾನ ಸುಳ್ಳು ಎಂದೂ ಅವರೇ ಎಚ್ಚರಿಸಿದ್ದಾರೆ. ನಮ್ಮ ಆಡುಮಾತಿನಲ್ಲಿ ಅದೇ 'ಅನುಮಾನ' ಸಂಶಯವಾಗಿ ಇಳಿದುಬಂದಿದೆ. 'ಅವನ ಮ್ಯಾಲೆ ಅನುಮಾನ' ಎನ್ನುತ್ತೇವೆ. ಶಾಸ್ತ್ರದಲ್ಲಿ ಅನುಮಾನ ಹೊಗೆಯಿಂದ ಹೊರಟು ಬೆಂಕಿಗೆ ಹೋಗುತ್ತದೆ. ನನ್ನದು ಬೆಂಕಿಯನ್ನು ಮೊದಲೇ ಗೊತ್ತುಮಾಡಿಕೊಂಡು ಹೊಗೆಯನ್ನು ಹುಡುಕಿತ್ತು.

ನಾನು ಹತ್ತಿದ ಮೂರು ಮೆಟ್ಟಿಲನ್ನು ಮತ್ತೊಮ್ಮೆ ಇಳಿದು ನೋಡಿದೆ. ಕೀಲಿಕೈ ಇಲ್ಲದೆ ಕೀಲಿ ತೆರೆಯದು ಎಂಬ ಮೊದಲನೆಯ ಮೆಟ್ಟಿಲು ಚಾಚಾನ ಉಗುರಿನ ತುದಿಯಲ್ಲಿ ಮುರಿದುಬಿತ್ತು. ಎರಡು ಬೇರೆ ಬೇರೆ ದೋಷಗಳಿದ್ದವು: ಒಂದು ಕೂಗಿಸಿತು, ಇನ್ನೊಂದು ತೆರೆಯಿತು. ಎರಡನ್ನೂ ಕೂಡಿಸಿ ಒಬ್ಬ ಕಳ್ಳನನ್ನು ನಾನು ಸೃಷ್ಟಿಸಿದ್ದೆ. ಕವರನ್ನು ಕಾರಿನ ಡಬ್ಬಿಯಲ್ಲಿಯೇ ಇಟ್ಟಿದ್ದೆ ಎಂಬುದಕ್ಕೆ ಸಾಕ್ಷಿಯಾದರೂ ಏನು? ನನ್ನ ನೆನಪು. ಆ ವೈರನ್ನು ನಾನು ಬಿಚ್ಚಿ ನೋಡಿಯೇ ಇರಲಿಲ್ಲ.

ಕೊನೆಯ ಮೆಟ್ಟಿಲಿನ ಮಾತು ಹೇಳಲು ನಾಚಿಕೆಯಾಗುತ್ತದೆ. ಆದರೆ ಅದನ್ನು ಬಿಟ್ಟರೆ ಈ ಬರೆಹಕ್ಕೆ ಅರ್ಥವಿಲ್ಲ. ಕೀಲಿಕೈ ಇರುವ ಜಾಗ ಗೊತ್ತಿದ್ದವನು ಅವನೊಬ್ಬನೇ ಎಂದು ಮೇಲೆ ಬರೆದಂತೆ ಓದುಗರಿಗೆ ಅನ್ನಿಸಿರಬಹುದು. ನನಗೂ ಆಗ ಹಾಗೆಯೇ ಅನ್ನಿಸಿತ್ತು. ನಿಜವಾಗಿ ನಾಲ್ವರಿಗೆ ಗೊತ್ತಿತ್ತು. ನಾನು, ನಮ್ಮ ಮನೆಯವರು, ಆ ಹುಡುಗ, ಮತ್ತು ಆ ವಾರ ನಮ್ಮ ಮನೆಯಲ್ಲಿಯೇ ಇದ್ದ ನನ್ನ ಅಣ್ಣನ ಮಗ. ಅವನು ಇಂಜಿನಿಯರಿಂಗ್ ಓದುವವನು. ರಾತ್ರಿ ಹೊತ್ತು ಮೀರಿ ಬರುತ್ತಿದ್ದ, ರೊಕ್ಕ ಸಾಲದೆಂದು ಆಗಾಗ ಗೊಣಗುತ್ತಿದ್ದ. ಅವನು ಕದ್ದಿರಬಹುದು ಎಂದು ನಾನು ಹೇಳುತ್ತಿಲ್ಲ. ಅವನ ವಿಚಾರ ನನ್ನ ತಲೆಯೊಳಗೆ ಬರಲೇ ಇಲ್ಲ ಎಂದು ಹೇಳುತ್ತಿದ್ದೇನೆ. ಅವನಿಗೆ 'ಕವರ್ ಕಂಡೇನೋ' ಎಂದು ಕೂಡ ಕೇಳಿರಲಿಲ್ಲ. ಚಾಚಾ ಆರು ಸ್ವಿಚ್ಚುಗಳಲ್ಲಿ ಆರನ್ನೂ ಒಂದೇ ಕಣ್ಣಿನಿಂದ ನೋಡಲು ಸಿದ್ಧರಿದ್ದರು. ನನ್ನ ಬಳಿ ಇದ್ದ ಹೆಸರುಗಳಲ್ಲಿ ನಾನು ಎಣಿಸಿದ್ದು ಒಂದನ್ನು, ಅದೂ ಬಡವರ ಮನೆಯದನ್ನು. ದೀಪ ಹತ್ತಲು ಸಾಲದಷ್ಟು ವಿದ್ಯುತ್ತು ಕೂಗಲು ಸಾಕಾಯಿತೆಂದು ಚಾಚಾ ಹೇಳಿದ್ದು ಬರೀ ಕಾರಿನ ಮಾತಾಗಿ ನನಗೆ ಕೇಳಿಸಲಿಲ್ಲ.

ಇನ್ನೊಂದು ಮಾತೂ ಚುಚ್ಚಿತು. ತಪ್ಪಿಲ್ಲವೆಂದು ಕಂಡ ಪ್ರತಿ ವೈರನ್ನೂ ಚಾಚಾ ಮರಳಿ ಅದರ ಜಾಗದಲ್ಲಿ ಜೋಡಿಸುತ್ತಿದ್ದರು. ಬಿಚ್ಚಿದ್ದನ್ನು ಬಿಚ್ಚಿದಲ್ಲೇ ಬಿಟ್ಟು ಹೋಗುತ್ತಿರಲಿಲ್ಲ. ನಾನು ಬಿಚ್ಚಿದ್ದು ಕೊನೆಯ ಬೆಂಚಿನಲ್ಲಿ ಕೂತಿತ್ತು.

ಒಂದು ಸಂಜೆ ಅವನ ಮನೆಗೆ ಹೋದೆ. ತಪ್ಪೊಪ್ಪಿಕೊಂಡು ಹಗುರಾಗಿ ಬರುವ ಉದ್ದೇಶ ನನ್ನದು. ತಾಯಿ ಗಡಬಡಿಸಿ ಚಾಪೆ ಹಾಸಿದಳು, ಚಹಾಕ್ಕೆ ಇಟ್ಟಳು. "ಅಕ್ಕಾರ, ನಿಮಗ ಸಾಲಿ ಕೆಲಸ ಭಾಳ ಆಗೇದಂತಲ್ರಿ. ಅದಕ್ಕ ಸಂಜೀ ಪಾಠ ಬಂದ್ ಮಾಡೀರಂತ ಹೇಳಿದಾ" ಎಂದಳು. ನಾನು ಅವನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಮನೆಯಲ್ಲಿ ಏನೂ ಹೇಳಿರಲಿಲ್ಲ. ನನ್ನ ಮಾನವನ್ನು ಅವನು ಕಾಪಾಡಿದ್ದ. ತನ್ನದನ್ನೂ ಕಾಪಾಡಿಕೊಂಡಿದ್ದ. ಈಗ ನಾನು ತಾಯಿಯ ಮುಂದೆ 'ತಪ್ಪಾತು' ಎಂದರೆ, 'ನಿನ್ನ ಮಗನನ್ನು ಕಳ್ಳನೆಂದುಕೊಂಡಿದ್ದೆ' ಎಂದು ಮೊದಲು ಹೇಳಬೇಕಾಗುತ್ತದೆ. ನನ್ನ ಎದೆಯ ಭಾರ ಇಳಿಸಿ ಆ ತಾಯಿಯ ಎದೆಯ ಮೇಲೆ ಇಟ್ಟು ಬರಬೇಕೇ? ಕ್ಷಮೆ ಕೇಳುವುದರಲ್ಲೂ ಒಂದು ಸ್ವಾರ್ಥವಿರಬಹುದೆಂದು ಆವರೆಗೆ ನನಗೆ ಹೊಳೆದಿರಲಿಲ್ಲ. ಚಹಾ ಕುಡಿದೆ, ಅದೂ ಇದೂ ಮಾತಾಡಿದೆ.

ಹೊರಡುವಾಗ ಅವನು ಓಣಿಯ ತಿರುವಿನತನಕ ಬಂದ. ಅಲ್ಲಿ ನಿಂತು ಹೇಳಿದೆ: "ನಿನ್ನ ಮ್ಯಾಲೆ ಸಂಶಯ ಪಟ್ಟಿದ್ದೆ. ತಪ್ಪು ನಂದು. ಕೀಲಿ ತಾನ ತೆರೀತಿತ್ತು. ವೈರ್ ಸವದಿತ್ತು."

"ಗೊತ್ತಿತ್ರಿ ಟೀಚರ್" ಎಂದ. ಗೊತ್ತಿದ್ದದ್ದು ವೈರಿನ ಸಂಗತಿಯಲ್ಲ, ಸಂಶಯದ್ದು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ರೊಕ್ಕ ಸಿಕ್ಕೂ ಏನ್ರಿ?"

"ಇಲ್ಲ."

"ಹಂಗಾದ್ರ..." ಎಂದು ಅವನು ಮಾತು ನಿಲ್ಲಿಸಿದ.

ಹುಡುಗ ನಿಲ್ಲಿಸಿದ ಆ ಮಾತನ್ನು ನಾನೇ ಪೂರ್ತಿ ಮಾಡಿಕೊಂಡೆ. ರೊಕ್ಕ ಸಿಗದಿದ್ದರೆ, ತಾನು ತೆಗೆದಿಲ್ಲವೆಂಬುದು ಟೀಚರಿಗೆ ಹೇಗೆ ಗೊತ್ತು? ಅವನ ಪ್ರಶ್ನೆ ನ್ಯಾಯವಾದದ್ದೇ. ಚಾಚಾ ತೋರಿಸಿದ್ದು ಕೀಲಿ ತಾನಾಗಿ ತೆರೆಯಬಲ್ಲದು ಎಂಬುದನ್ನು. ರೊಕ್ಕ ಯಾರೂ ತೆಗೆದಿಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ತೆರೆದ ಬಾಗಿಲಿಗೆ ಯಾರ ಕೈಯಾದರೂ ಬರಬಹುದಿತ್ತು. ಲೆಕ್ಕ ಹಾಕುತ್ತ ಹೋದರೆ ಅವನ ಕೈಯೂ. ಕಾರಿನ ದೋಷ ಸಿಕ್ಕಿದ್ದರಿಂದ ನನ್ನ ಆರೋಪಕ್ಕೆ ಆಧಾರ ತಪ್ಪಿತು. ಅವನ ನಿರಪರಾಧಕ್ಕೆ ಪುರಾವೆ ಸಿಗಲಿಲ್ಲ.

"ಸಿಕ್ಕಿಲ್ಲ. ಆದ್ರೂ ನೀ ತಗೊಂಡಿಲ್ಲ ಅಂತ ನಾ ನಂಬತೇನಿ" ಎಂದೆ. ಅವನು ಏನೂ ಅನ್ನಲಿಲ್ಲ. ತಲೆ ಆಡಿಸಿ ಹಿಂದಿರುಗಿದ.

ಆ 'ಆದ್ರೂ' ಎಂಬ ಮಾತಿನ ಬಗ್ಗೆ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನ್ಯಾಯಾಲಯದಲ್ಲಿ ಆರೋಪ ಹೊರಿಸಿದವರೇ ಅದನ್ನು ಸಿದ್ಧಮಾಡಿ ತೋರಿಸಬೇಕು. ಆಗದಿದ್ದರೆ ಆರೋಪಿ ಬಿಡುಗಡೆಯಾಗುತ್ತಾನೆ. ಮನೆಗಳಲ್ಲಿ, ಶಾಲೆಗಳಲ್ಲಿ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ನಾವು ಕಣ್ಣಿನಿಂದಲೇ ಆರೋಪ ಹೊರಿಸುತ್ತೇವೆ, ಮಗು ತಾನು ಕದ್ದಿಲ್ಲವೆಂದು ಸಿದ್ಧಮಾಡಬೇಕು. ಮಾಡದ ಕೆಲಸಕ್ಕೆ ಪುರಾವೆ ಯಾರು ತಂದಾರು? ಪುರಾವೆ ಸಿಕ್ಕ ಮೇಲೆ ನಂಬಿದರೆ ನಾನು ನಂಬಿದ್ದು ಪುರಾವೆಯನ್ನು, ಆ ಹುಡುಗನನ್ನಲ್ಲ. ಎಲ್ಲ ಪರೀಕ್ಷೆ ಮುಗಿದ ಮೇಲೂ ಒಂದಿಷ್ಟು ತಿಳಿಯದೆ ಉಳಿಯುತ್ತದೆ. ಅಲ್ಲಿ ನಂಬುವುದೋ ಬಿಡುವುದೋ ಎಂಬುದು ತಿಳಿವಳಿಕೆಯ ಪ್ರಶ್ನೆಯಲ್ಲ. ನಾನು ಆ ಮಗುವಿಗೆ ಏನಾಗಿರಬೇಕು ಎಂಬ ಪ್ರಶ್ನೆ. ನಂಬಿ ಮೋಸಹೋದರೆ ನನಗೆ ಆರು ಸಾವಿರದ ನಷ್ಟ. ನಂಬದೆ ತಪ್ಪಿದರೆ ನಷ್ಟ ಅವನಿಗೆ. ಅದನ್ನು ತುಂಬಿಕೊಡುವ ದಾರಿ ನನಗೆ ಗೊತ್ತಿಲ್ಲ.

ಹಾಗೆಂದು ಸಂಶಯವೇ ಬೇಡ ಎಂದು ನಾನು ಹೇಳಲಾರೆ. ಎಲ್ಲರನ್ನೂ ಕಣ್ಣು ಮುಚ್ಚಿ ನಂಬುವ ಸಂತೆ ನಮ್ಮ ಲೋಕವಲ್ಲ. ಕೆಲಸ ಮುಗಿಸಿದ ದಿನ ಚಾಚಾ ಕೇಳಿದರು, "ಅಲಾರ್ಮ್ ಇಡೂದ್ರ್ಯೋ, ತಗದ ಬಿಡ್ಲ್ಯೋ?" ನಮ್ಮ ಮನೆಯವರು ತೆಗೆದುಬಿಡಿ ಎಂದರು. ನಾನು ಇರಲಿ ಎಂದೆ. ಹೊಸ ಸ್ವಿಚ್ಚು, ಬಾಗಿಲಿಗೆ ಹೊಸ ರಬ್ಬರು, ಸವೆದ ವೈರಿಗೆ ಹೊಸ ತುಂಡು, ಇಪ್ಪತ್ತು ವರ್ಷದ ಹಿಂದೆ ಕೂಡಿಸಬೇಕಿದ್ದ ಆ ರಬ್ಬರಿನ ಉಂಗುರ. ಎಲ್ಲ ಸೇರಿ ಒಂಬೈನೂರು ರೂಪಾಯಿ ಆಯಿತು. ಉಂಗುರಕ್ಕೆ ಚಾಚಾ ಬಿಲ್ಲು ಹಾಕಲಿಲ್ಲ. ಅಲಾರ್ಮ್ ಈಗಲೂ ಇದೆ. ಅಪರೂಪಕ್ಕೆ ಕೂಗಿದರೆ ಮೊದಲು ಹೋಗಿ ಬಾಗಿಲ ರಬ್ಬರು ಮುಟ್ಟಿ ನೋಡುತ್ತೇನೆ, ಒದ್ದೆಯಾಗಿದೆಯೇ ಎಂದು.

ಹುಡುಗ ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮೂರನೆಯ ವಾರ ಒಂದು ಸಂಜೆ ವ್ಯಾಕರಣದ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಬಂದು ಕೂತ. ನಾನೂ ಏನೂ ಅನ್ನದೆ ಸಮಾಸದಿಂದ ಸುರು ಮಾಡಿದೆ. ಮಹಾಮಾರಿಯ ಕಾರಣ ಆ ಸಲ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದೆ ಹೋಗಿ 2020ರ ಜೂನ್ ಕೊನೆಗೆ ನಡೆಯಿತು. ಅವನು ಪಾಸಾದ. ಈಗ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ದಸರೆಗೆ ತಪ್ಪದೆ ಬಂದು ಬನ್ನಿ ಕೊಟ್ಟು ಕಾಲು ಮುಟ್ಟುತ್ತಾನೆ. ಕಾರಿನ ಹತ್ತಿರ ಮಾತ್ರ ಹೋಗುವುದಿಲ್ಲ. ನಾನು ಹೋಗೆಂದು ಹೇಳುವುದೂ ಇಲ್ಲ.

ಕವರ್ ಇಂದಿಗೂ ಸಿಕ್ಕಿಲ್ಲ. ಕೀಲಿಕೈ ಅಡಿಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿದೆ. ಮನೆಗೆ ಬಂದು ಹೋಗುವವರಿಗೆಲ್ಲ ಅದು ಕಾಣುತ್ತದೆ.